ಬಾಯ್ಲರ್ ಬಾಗಿಲ ಮುಂದಿನ ಚಪ್ಪಲಿ

ತಿಕೋಟಾದ ಸಿದ್ದರಾಯನಿಗೆ ಬಬಲೇಶ್ವರದ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ದುರಸ್ತಿಯ ಮೇಲ್ವಿಚಾರಕನಾಗಿ ಬಡ್ತಿ ಸಿಕ್ಕಾಗ ಹೆಂಡತಿ ರೇಣುಕಾ ಓಣಿಗೆಲ್ಲ ಪೇಢೆ ಹಂಚಿದಳು. ಕಾರ್ಖಾನೆಯವರು ಬಿಳಿ ಟೊಪ್ಪಿಗೆ ಕೊಟ್ಟರು, ಗಟ್ಟಿ ಬೂಟು ಕೊಟ್ಟರು. ಮಂದಿಯ ಮನಸ್ಸನ್ನು ಕೊಡುವುದು ಅವರ ಕೈಯಲ್ಲಿರಲಿಲ್ಲ. ಅದು ಮುನಾಫನ ಹತ್ತಿರ ಇತ್ತು.

ಮುನಾಫ ಜೋರಾಪುರ ಪೇಟೆಯವನು. ಇಬ್ಬರೂ ಕೂಡಿಯೇ ಬಾಯ್ಲರಿಗೆ ಬೆಂಕಿ ಹಾಕುತ್ತ ಬಂದವರು, ಒಂದೇ ಬುತ್ತಿಯ ರೊಟ್ಟಿ ತಿಂದವರು. ಈಗ ಸಿದ್ದರಾಯ ಏನಾದರೂ ಹೇಳಿದರೆ ಕೆಲಸದವರು "ಹೂಂ ರೀ" ಎಂದು ಮುನಾಫನ ಮುಖ ನೋಡುವರು. ಅವನು ತಲೆಯಾಡಿಸಿದ ಮೇಲೆಯೇ ಬೋಲ್ಟು ಬಿಗಿಯುವ ಪಾನಾ ಎತ್ತುವರು. ಕಬ್ಬು ಅರೆಯುವ ಹಂಗಾಮಿಗೆ ಮುಂಚೆ ಬಾಯ್ಲರ್ ತಣ್ಣಗಿತ್ತು. ಉರಿಯುತ್ತಿದ್ದದ್ದು ಸಿದ್ದರಾಯನ ಹೊಟ್ಟೆ ಒಂದೇ.

ಬಾಯ್ಲರಿನ ಉಗಿಯ ಡ್ರಮ್ಮಿನೊಳಗೆ ದುರಸ್ತಿಗೆಂದು ತೆವಳಿಕೊಂಡು ಹೋಗುವವರು ಚಪ್ಪಲಿಯನ್ನು ಬಾಗಿಲ ಮುಂದೆ ಬಿಡುವುದು ಅಲ್ಲಿಯ ರೂಢಿ. ಚಪ್ಪಲಿ ಇದೆ ಎಂದರೆ ಒಳಗೆ ಮನುಷ್ಯ ಇದ್ದಾನೆ.

ಆ ದಿನ ಮುನಾಫ ನೀರಿನ ಸುಣ್ಣ ಕಟ್ಟಿದ ಡ್ರಮ್ಮು ಕೆರೆದು ಹೊರಬಂದ. ಎಲ್ಲರೂ ಚಹಾಕ್ಕೆ ಹೋದದ್ದೇ ತಡ, ಸಿದ್ದರಾಯ ಬ್ಯಾಟರಿ ಹಿಡಿದು ಬೂಟುಗಾಲಲ್ಲೇ ಒಳಗೆ ನುಸುಳಿದ. ಸುಣ್ಣದ ಒಂದು ಹಕ್ಕಳೆ ಉಳಿದಿದ್ದರೂ ಸಾಕಿತ್ತು, ಎಲ್ಲರ ಮುಂದೆ ಹಿಡಿದು ಮುನಾಫನ ಮರ್ಯಾದೆ ಕಳೆಯಬಹುದಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಅಷ್ಟರಲ್ಲಿ ಹೊರಗೆ ಫಿಟ್ಟರ್ ಧೂಳಪ್ಪನ ದನಿ ಕೇಳಿತು. "ಚಪ್ಪಲಿ ಒಂದೂ ಇಲ್ಲ. ಬಾಗಲಾ ಹಾಕಿ ನೀರು ಬಿಡೂಣು."

ಬಾಗಿಲು ಕಿರುಗುಟ್ಟಿತು, ಬೆಳಕು ಸಣ್ಣಗಾಯಿತು. ಸಿದ್ದರಾಯ ಬಾಗಿಲ ಕಡೆ ತೆವಳಿದ. ಕೂಗಿದರೆ ಕಳ್ಳನ ಹಾಗೆ ಒಳಗೇನು ಮಾಡುತ್ತಿದ್ದೆ ಎಂದು ಹೇಳಬೇಕು. ನಾಚಿಕೆಯಾಗಿ ಅರ್ಧದಲ್ಲೇ ತಡೆದ.

"ತಡಿ ಲೇ," ಎಂದ ಮುನಾಫ. "ಸಾಹೇಬ್ರು ನೋಡಿ ಹೂಂ ಅನ್ನೂತನಕ ಹಾಕೂ ಹಂಗಿಲ್ಲ."

"ಯಾವ ಸಾಹೇಬ? ನಮ್ಮ ಸಿದ್ದ್ಯಾನಾ?" ಯಾರೋ ನಕ್ಕರು.

"ಹೌದು. ಸಿದ್ದರಾಯ ಸಾಹೇಬ್ರು. ಎಲ್ಲಿ ಅದಾರ ನೋಡ್ರಿ."

ನಗು ನಿಂತಿತು, ಬಾಗಿಲೂ ನಿಂತಿತು. ಆಗ ಸಿದ್ದರಾಯ ಒಳಗಿನಿಂದ ಕೆಮ್ಮಿದ.

ಮುನಾಫ ಕೈಹಿಡಿದು ಅವನನ್ನು ಹೊರಗೆಳೆದುಕೊಂಡ. ಯಾಕೆ ಹೋಗಿದ್ದೆ ಎಂದು ಕೇಳಲಿಲ್ಲ. ಕೇಳಿದ್ದರೆ ಜಗಳವನ್ನಾದರೂ ತೆಗೆಯಬಹುದಿತ್ತು. ಕಾಲ ಕಡೆ ನೋಡಿ, "ಇನ್ನೊಮ್ಮೆ ಒಳಗ ಹೋದ್ರ ಬೂಟು ಹೊರಗ ಬಿಡ್ರಿ," ಎಂದು ಮೆಲ್ಲಗೆ ಹೇಳಿದ, ಅಷ್ಟೇ.

"ಬಾಗಲಾ ಹಾಕ್ರಿ," ಎಂದ ಸಿದ್ದರಾಯ.

ಧೂಳಪ್ಪ ಪಾನಾ ಹಿಡಿದು ರೂಢಿಯಂತೆ ಮುನಾಫನ ಕಡೆ ತಿರುಗಿದ. ಮುನಾಫ ಬೇಕೆಂದೇ ಮುಖ ಬೇರೆ ಕಡೆ ಮಾಡಿಕೊಂಡ. ಧೂಳಪ್ಪ ಗೊಂದಲಗೊಂಡು ಸಿದ್ದರಾಯನನ್ನು ನೋಡಿದ, ನೋಡಿ ಬೋಲ್ಟು ಬಿಗಿದ.

ಸಿದ್ದರಾಯ ಇಷ್ಟು ದಿನ ಬಯಸಿದ್ದು ಅದನ್ನೇ. ಈಗ ಅದನ್ನೂ ಮುನಾಫನೇ ಕೊಟ್ಟ ಹಾಗಾಯಿತು. ಆ ಮನುಷ್ಯನ ದೊಡ್ಡತನ ಕಂಡು ಅವನ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.