ಅರಗು ಮೆತ್ತಿದ ಸೋಬಾನೆ ಕ್ಯಾಸೆಟ್

ನನ್ನ ಕ್ಯಾಸೆಟ್ ರಾಶಿಯಲ್ಲಿ ಯಾರೂ ಮೂಸದ ಒಂದಿತ್ತು. ಮಾಗಡಿ ಕಡೆಯ ಅಜ್ಜಿಯೊಬ್ಬಳು ಹಾಡಿದ ಸೋಬಾನೆ. ಸಾಲಿನ ಕೊನೆಯಲ್ಲಿ ಅವಳ ದನಿ ಒಡೆಯುತ್ತದೆ, ಆದರೂ ಬಿಡದೆ ಎಳೆಯುತ್ತಾಳೆ. ಆ ಒಡಕಿಗಾಗಿಯೇ ಕೇಳಿ ಎಂದು ಕಂಡವರಿಗೆಲ್ಲ ಗಂಟುಬೀಳುತ್ತಿದ್ದೆ. ಮಿಮಿಕ್ರಿ ಮಾಡುವವನ ಶಿಫಾರಸು ಯಾರಿಗೆ ಬೇಕು? ನನ್ನ ಮುಖ ನೋಡಿಯೇ ನಗುತ್ತಿದ್ದರು. ಮುಖವೂ ಅಂಥದ್ದೇ ಬಿಡಿ.

ಕೊನೆಗೆ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಗೆಳೆಯನೊಬ್ಬ ಸಿಕ್ಕಿಬಿದ್ದ. ಅವನ ಅಂಗಡಿಯ ಹಳೇ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದೆ. ಮೊದಲ ಹಾಡಿಗೇ ರೀಲು ತುಂಡಾಯಿತು.

"ಅಳಬ್ಯಾಡ ಕಣ್ಲಾ, ಅರಗು ಐತಲ್ಲ!" ಎಂದವನೇ ಬೊಂಬೆಗೆ ಬಳಿಯುವ ಕೆಂಪು ಅರಗನ್ನು ಕಾಯಿಸಿ ರೀಲಿಗೆ ಮೆತ್ತಿದ. ನಾನೂ ತಲೆಯಾಡಿಸಿದೆ. ಅರಗಿನಿಂದ ಆಗದ ಕೆಲಸವೂ ಉಂಟೆಂದು ಆ ಊರಲ್ಲಿ ಯಾರು ನಂಬುತ್ತಾರೆ? ಬಿಸಿಗೆ ರೀಲು ಮುದುಡಿತು. ಮತ್ತೆ ಹಾಕಿದರೆ ಉಳಿದದ್ದನ್ನೂ ಟೇಪ್ ರೆಕಾರ್ಡರ್ ಎಳೆದು ನುಂಗಿತು. ಅದನ್ನು ರೆಕಾರ್ಡ್ ಮಾಡಿದ್ದ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

"ವೋಗ್ಲಿ ಬುಡ್ಲಾ. ಎಂಗಿತ್ತು ಅಂತ ನೀನೇ ಒಸಿ ಹಾಡ್ಬುಡು."

ಹಾಡಿದೆ. ದನಿ ಒಡೆಯುವ ಜಾಗ ಬಂದೊಡನೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಂಗಲ್ಲ ಕಣ್ಲಾ, ತಡಿ," ಎಂದು ಮತ್ತೆ ಹಾಡಿದೆ. ಈಗ ಪಕ್ಕದ ಅಂಗಡಿಯವರೂ ಬಂದು ನಕ್ಕರು. "ಇನ್ನೊಂದ್ಸಲ ಅಜ್ಜಿ ಥರ ಮಾಡಪ್ಪ!" ಎಂದರು.

ಇನ್ನೊಂದು ಸಲವೂ ಹಾಡಿದೆ. ಹೀಗಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು. ಹೇಗೆಂದು ಕೇಳಿಸಲು ಅಜ್ಜಿ ಇರಲಿಲ್ಲ.