ಕಲ್ಲಿನ ಮೇಲೆ ಬಿಟ್ಟಿದ್ದ ಒಂದು ಸಾಲು

ಈ ಪ್ರಸಂಗ ನಡೆದದ್ದು ಎಪ್ಪತ್ತೊಂದರ ಬೇಸಿಗೆಯಲ್ಲೋ ಎಪ್ಪತ್ತೆರಡರ ಬೇಸಿಗೆಯಲ್ಲೋ, ನನಗೆ ಖಚಿತವಿಲ್ಲ. ನಾವು ಹೋದದ್ದು ನೀಲಿ ಕಾರಿನಲ್ಲಿ ಎಂದು ನಾನು ಹೇಳಿದರೆ, ನೀಲಿ ಕಾರು ಕೊಂಡದ್ದು ಡೆಟ್ರಾಯಿಟ್ ಕಡೆಗೆ ಮನೆ ಬದಲಾಯಿಸಿದ ಮೇಲೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬಿ ಹಿಡಿದು ಕೂತಿದ್ದವಳು ಅವಳೇ ಆದ್ದರಿಂದ ಅವಳ ಮಾತಿಗೆ ಬೆಲೆಯುಂಟು. ಆದರೆ ಅವಳು ದಾರಿಯುದ್ದಕ್ಕೂ ನಿದ್ದೆ ಮಾಡಿದ್ದಳೆಂದು ನನ್ನ ನೆನಪು. ಅದನ್ನು ಅವಳು ಒಪ್ಪುವುದಿಲ್ಲ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಬೇರೆಯವರು ಹೇಳಿದ್ದನ್ನೆಲ್ಲ ಅನುಮಾನಿಸಲಿ ಎಂದೇ ವಿಶ್ವವಿದ್ಯಾಲಯ ನನಗೆ ಪದವಿ ಕೊಟ್ಟಿತ್ತು. ನಾನೇ ಹೇಳಿದ್ದನ್ನು ಅನುಮಾನಿಸಲು ಕಲಿತದ್ದು ಬಹಳ ತಡವಾಗಿ, ಅದೂ ಒಂದು ಇಂಗ್ಲಿಷ್ ಮನೆತನದ ಹೆಸರಿನ ದೆಸೆಯಿಂದ.

ಆಗ ನಾವು ಶಿಕಾಗೋ ಪಕ್ಕದ ಒಂದು ಸಣ್ಣ ಊರಿನಲ್ಲಿ, ಎಪ್ಪತ್ತು ದಾಟಿದ ಒಬ್ಬ ಹೆಂಗಸಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅವರ ಗಂಡ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಮಣ್ಣು ಮಾಡಿದ್ದು ಅವರು ಹುಟ್ಟಿದ ಕಡೆ, ಮಿಶಿಗನ್ನಿನ ನಾರ್ತ್‌ವಿಲ್ ಹತ್ತಿರದ ಸ್ಮಶಾನದಲ್ಲಿ. ಅಲ್ಲಿ ಆ ಮನೆತನದ ಕಲ್ಲುಗಳು ಒಂದೇ ಸಾಲಿನಲ್ಲಿವೆ. ಮುತ್ತಜ್ಜನ ಕಲ್ಲಿನ ಮೇಲೆ ‘ನ್ಯೂಯಾರ್ಕ್ ಸೀಮೆಯಲ್ಲಿ ಹುಟ್ಟಿದವನು’ ಎಂದಿದೆ. ಅವನು ಕಾಲುವೆಯ ದೋಣಿಯಲ್ಲಿ ಬಂದು, ಸರೋವರ ದಾಟಿ, ಇಲ್ಲಿ ಕಾಡು ಕಡಿದವನು. ಅವನ ತಾಯಿಯ ಕಲ್ಲಿನ ಮೇಲೆ ‘ಮ್ಯಾಸಚೂಸೆಟ್ಸ್’. ಅದಕ್ಕೂ ಹಿಂದಿನದು ಯಾರ ಕಲ್ಲಿನ ಮೇಲೂ ಇಲ್ಲ. ಹಿರಿಯರು ಹಡಗು ಹತ್ತಲು ಬಿಟ್ಟು ಹೊರಟ ಇಂಗ್ಲೆಂಡಿನ ಊರಿನ ಹೆಸರು ತನ್ನ ಕಲ್ಲಿನ ಮೇಲಾದರೂ ಇರಲಿ ಎಂದು ಸಾಯುವ ಮುಂಚೆ ಗಂಡ ಕೇಳಿಕೊಂಡಿದ್ದರು. ಹೆಂಡತಿ ಒಪ್ಪಿಕೊಂಡಿದ್ದರು. ಹೆಸರು, ಹುಟ್ಟಿದ್ದು, ಸತ್ತದ್ದು ಎಲ್ಲ ಕೆತ್ತಿಯಾಗಿತ್ತು. ಕೆಳಗೆ ಒಂದು ಸಾಲಿನ ಜಾಗ ಮಾತ್ರ ಖಾಲಿಯಿತ್ತು.

ತೊಂದರೆಯೆಂದರೆ ಊರುಗಳು ಎರಡಿದ್ದವು. ಗಂಡ ಹೇಳುತ್ತಿದ್ದದ್ದು ಸಫೋಕ್ ಪ್ರಾಂತ್ಯದ ಒಂದು ಹಳ್ಳಿ. ಅವರ ಅಜ್ಜಿ ಹೇಳಿದ್ದು. ಗಂಡನ ತಮ್ಮ ಹೇಳುತ್ತಿದ್ದದ್ದು ಯಾರ್ಕ್‌ಷೈರಿನ ಒಂದು ಪಟ್ಟಣ. ಪೋಸ್ಟಿನಲ್ಲಿ ತರಿಸಿದ್ದ ಒಂದು ಹಲಗೆ ಹೇಳಿದ್ದು. ಮನೆತನದ ಹೆಸರು ಬರೆದು ಕಳಿಸಿದರೆ ಮನೆತನದ ಲಾಂಛನವೆಂದು ಸಿಂಹ, ಗುರಾಣಿ ಬಿಡಿಸಿ, ಕೆಳಗೆ ಮೂಲದ ಊರು ಬರೆದು, ವಾರ್ನಿಷ್ ಬಳಿದು ಕಳಿಸಿಕೊಡುವವರು ಆಗ ಇದ್ದರು.

“ನೀವು ಓದಿದವರು,” ಎಂದು ಆಕೆ ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು. “ಜುಲೈನಲ್ಲಿ ಮನೆಯವರೆಲ್ಲ ಸೇರುತ್ತೇವೆ. ಅಷ್ಟರಲ್ಲಿ ಸ್ವಲ್ಪ ನೋಡಿ ಹೇಳ್ತೀರಾ? ತಪ್ಪು ಊರು ಕೆತ್ತಿಸಿಬಿಟ್ಟರೆ ಅವರ ಪಕ್ಕದಲ್ಲಿ ಹೋಗಿ ಮಲಗೋದು ಹೇಗೆ ನಾನು?”

ಇದನ್ನು ಕೇಳುವಾಗ ಆಕೆ ನನ್ನನ್ನು ನನ್ನ ಊರಿನ ಹೆಸರು ಹಿಡಿದು ಕರೆದರು. ಯಾವಾಗಲೂ ಹಾಗೆಯೇ. ತಪ್ಪು ನನ್ನದು. ನಮ್ಮ ಮೈಸೂರಿನ ಕಡೆ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ಅಮೆರಿಕದ ಅರ್ಜಿಯಲ್ಲಿ ಮೂರು ಚೌಕಗಳಿದ್ದವು, ನನ್ನ ಹತ್ತಿರ ಮೂರು ಹೆಸರುಗಳಿದ್ದವು. ಇದ್ದ ಕ್ರಮದಲ್ಲೇ ತುಂಬಿ ಕಳಿಸಿದೆ. ವಿಮಾನದಿಂದ ಇಳಿಯುವಷ್ಟರಲ್ಲಿ ಊರು ನಾನಾಗಿತ್ತು, ನಾನು ಮನೆತನವಾಗಿದ್ದೆ. ಮದುವೆಯಾದ ಮೇಲೆ ನನ್ನ ಹೆಂಡತಿಗೆ ನನ್ನ ಹೆಸರೇ ಮನೆತನದ ಹೆಸರಾಗಿ ಬಂತು. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಬೆಳೆದವಳು ಅವಳು. ಟೆಲಿಫೋನಿನಲ್ಲಿ ಯಾರಾದರೂ “ನಿಮ್ಮ ಹೆಸರು?” ಎಂದರೆ ರಿಸೀವರನ್ನು ನನ್ನ ಕೈಗೆ ಕೊಟ್ಟು, “ರೀ, ನಾನ್ಯಾರು ಅಂತ ಸ್ವಲ್ಪ ಹೇಳಿ” ಎನ್ನುತ್ತಿದ್ದಳು.

ಇಂಥ ನಾನು ಇನ್ನೊಬ್ಬರ ಮನೆತನದ ಮೂಲ ಹುಡುಕಲು ಹೊರಟೆ. ನಾಲ್ಕು ಶನಿವಾರ ಲೈಬ್ರರಿಯಲ್ಲಿ ಕೂತೆ, ಅಥವಾ ಎರಡು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೊತ್ತವರು ಶಿಕಾಗೋದ ಟೆಲಿಫೋನ್ ಡೈರೆಕ್ಟರಿಯ ಹಲವು ಕಾಲಮ್ಮುಗಳಲ್ಲಿದ್ದಾರೆ. ಅದು ಕಸುಬಿನಿಂದ ಬಂದ ಹೆಸರು. ಮಗ್ಗದಿಂದ ಇಳಿಸಿದ ಉಣ್ಣೆಬಟ್ಟೆಯನ್ನು ನೀರಿನ ತೊಟ್ಟಿಯಲ್ಲಿ ಹಾಕಿ, ಕಾಲಿನಿಂದ ತುಳಿದು ಗಟ್ಟಿ ಮಾಡುವವನ ಹೆಸರು. ಬಟ್ಟೆ ನೇಯ್ದ ಕಡೆಯೆಲ್ಲ ತುಳಿಯುವವನಿದ್ದ. ಹಾಗಾಗಿ ಒಂದೇ ಹೆಸರಿನವರೆಲ್ಲ ಒಂದೇ ಮನೆಯವರಲ್ಲ ಎಂದು ನಾನು ದೊಡ್ಡ ಶೋಧ ಮಾಡಿದವನಂತೆ ಶಿಕಾಗೋದಲ್ಲಿದ್ದ ಧಾರವಾಡದ ಗೆಳೆಯನಿಗೆ ಹೇಳಿದೆ.

“ಇದಕ್ಕ ಲೈಬ್ರರಿಗೆ ಯಾಕ ಹೋಗಿದ್ದಿ?” ಎಂದ ಅವನು. “ನಮ್ಮ ಕಡೆ ಊರಿಗೊಬ್ಬ ಬಡಿಗೇರ ಇರ್ತಾನ. ಎಲ್ಲಾರೂ ಒಂದ ಮನಿಯವರೇನು? ನನ್ನ ಕೇಳಿದ್ರ ಒಂದ ಚಾದಾಗ ಹೇಳ್ತಿದ್ದೆ.”

ಪುಸ್ತಕಗಳಿಂದ ಇನ್ನೂ ಎರಡು ವಿಷಯ ತಿಳಿದುಕೊಂಡೆ. ಗುರಾಣಿಯ ಲಾಂಛನವನ್ನು ಅಲ್ಲಿನ ಅರಸರು ಕೊಡುತ್ತಿದ್ದದ್ದು ಒಬ್ಬ ವ್ಯಕ್ತಿಗೆ, ಮನೆತನದ ಹೆಸರಿಗಲ್ಲ. ಮತ್ತೆ, ಅಮೆರಿಕದ ಅರ್ಧ ಮನೆತನಗಳು ‘ಮೂವರು ಅಣ್ಣತಮ್ಮಂದಿರು ಹಡಗಿನಲ್ಲಿ ಬಂದರು’ ಎಂದೇ ಕಥೆ ಶುರು ಮಾಡುತ್ತವೆ. ಇವರದ್ದೂ ಹಾಗೆಯೇ. ಅಷ್ಟೊಂದು ಅಣ್ಣತಮ್ಮಂದಿರು ಮೂರು ಮೂರರಂತೆ ಹೊರಟರೆ ಇಂಗ್ಲೆಂಡಿನಲ್ಲಿ ಗಂಡಸರೇ ಉಳಿಯುತ್ತಿರಲಿಲ್ಲ ಎಂದು ನಗೆಯಾಡಿದೆ. ಸಪ್ತರ್ಷಿಗಳಲ್ಲಿ ಒಬ್ಬರಿಂದ ನೇರವಾಗಿ ಇಳಿದು ಬಂದವನೆಂದು ಗೋತ್ರ ಹೇಳಿಕೊಳ್ಳುವ ನನಗೆ ಆಗ ಬೇರೇನೂ ಹೊಳೆಯಲಿಲ್ಲ.

ಎರಡು ಊರುಗಳಲ್ಲಿ ಒಂದನ್ನು ಆರಿಸಲು ಒಂದೇ ಒಂದು ಸುಳಿವಿತ್ತು. ನಮ್ಮ ಊರಿನ ಚರ್ಚಿನ ಗೋಪುರ ದುಂಡಗಿತ್ತಂತೆ ಎಂದು ಗಂಡನ ಆ ಅಜ್ಜಿ ಮೊಮ್ಮಗನಿಗೆ ಹೇಳುತ್ತಿದ್ದರು. ಅವರು ಇಂಗ್ಲೆಂಡ್ ನೋಡಿದವರಲ್ಲ. ಅವರಿಗೆ ಹೇಳಿದವರೂ ನೋಡಿದವರಲ್ಲ. ನಾರ್ತ್‌ವಿಲ್ ದಾರಿಯಲ್ಲಿ, ಜುಲೈನ ಕೂಟಕ್ಕೆ ಆಕೆಯನ್ನೂ ಕರೆದುಕೊಂಡು ಇಂಡಿಯಾನಾ ದಾಟುವಾಗ ಇರಬೇಕು, ಹೊಲಗಳ ನಡುವೆ ಮೇವು ತುಂಬುವ ದುಂಡನೆಯ ಸೈಲೋಗಳು ಕಂಡವು. ನನ್ನ ತಲೆಯಲ್ಲಿ ಸಿದ್ಧಾಂತ ಹುಟ್ಟಿದ್ದು ಆ ಕ್ಷಣದಲ್ಲಿ. “ಚರ್ಚಿನ ಗೋಪುರ ಚೌಕವಾಗಿರುತ್ತೆ,” ಎಂದೆ ಪಕ್ಕದ ಸೀಟಿನಲ್ಲಿದ್ದ ಆಕೆಗೆ. “ದಿನಾ ಹೊಲದಲ್ಲಿ ಸೈಲೋ ನೋಡುತ್ತಿದ್ದ ಅಜ್ಜಿ ಅದನ್ನೇ ತೆಗೆದುಕೊಂಡು ಹೋಗಿ ಇಂಗ್ಲೆಂಡಿನಲ್ಲಿ ನಿಲ್ಲಿಸಿದ್ದಾರೆ. ನೆನಪು ಕೆಲಸ ಮಾಡೋದೇ ಹೀಗೆ.”

ಆಕೆ ಹಿಂದೆ ಸರಿದ ಒಂದು ಸೈಲೋವನ್ನು ತಿರುಗಿ ನೋಡಿದರು. ಆಮೇಲೆ ಕೇಳಿದರು: “ಅಜ್ಜಿ ಹುಡುಗಿಯಾಗಿದ್ದಾಗ ಮಿಶಿಗನ್‌ನಲ್ಲಿ ಸೈಲೋ ಇತ್ತಾ?”

“ನೋಡಬೇಕು,” ಎಂದೆ. ನೋಡಲಿಲ್ಲ. ಸಿದ್ಧಾಂತ ಅಷ್ಟು ಚೆನ್ನಾಗಿತ್ತು.

ಗಂಡನ ತಮ್ಮನ ಮನೆಯ ಹಿತ್ತಲಿನಲ್ಲಿ ಮೂವತ್ತು ಜನ ಸೇರಿದ್ದರು. ಮೇಜಿನ ಮೇಲೆ ಆಲೂಗಡ್ಡೆ ಸಲಾಡಿನ ಬಟ್ಟಲುಗಳ ನಡುವೆ ಸಿಂಹದ ಹಲಗೆಯನ್ನು ಒರಗಿಸಿಟ್ಟಿದ್ದರು. ನಮ್ಮ ಪುಳಿಯೋಗರೆಗೂ ಅದರ ಪಕ್ಕದಲ್ಲೇ ಜಾಗ ಸಿಕ್ಕಿತು. ಊಟವಾದ ಮೇಲೆ ಆ ತಮ್ಮ, ಕೆಂಪು ಮುಖದ ದೊಡ್ಡ ಆಸಾಮಿ, “ಸರಿ, ಯೂನಿವರ್ಸಿಟಿ ಏನು ಹೇಳುತ್ತೆ ಕೇಳೋಣ” ಎಂದು ಕುರ್ಚಿ ಎಳೆದುಕೊಂಡರು.

ನಾನು ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ಮುಕ್ಕಾಲು ಗಂಟೆ ಎನ್ನುತ್ತಾಳೆ ನನ್ನ ಹೆಂಡತಿ. ಹಲಗೆ ಪುರಾವೆಯಲ್ಲ ಎಂದೆ, ಆಕೆ ತಲೆದೂಗಿದರು. ಅಜ್ಜಿಯ ಮಾತೂ ಪುರಾವೆಯಲ್ಲ ಎಂದೆ. ಆಕೆ ತಲೆದೂಗುವುದನ್ನು ನಿಲ್ಲಿಸಿದರು. ಸೈಲೋದ ಸಿದ್ಧಾಂತಕ್ಕೆ ಒಂದಿಬ್ಬರು ನಕ್ಕರು. ಆ ಸಾಲನ್ನು ಖಾಲಿ ಬಿಡುವುದೇ ಪ್ರಾಮಾಣಿಕತೆ ಎಂದು ತೀರ್ಪು ಕೊಟ್ಟು ಕೂತೆ. ಆಕೆ ಮಡಿಲಲ್ಲಿದ್ದ ಕಾಗದದ ತಟ್ಟೆಯನ್ನು ನಿಧಾನವಾಗಿ ಎರಡಾಗಿ ಮಡಿಸಿದರು, ಮತ್ತೆ ನಾಲ್ಕಾಗಿ.

ಹಲಗೆಗಾದ ಅವಮಾನವನ್ನು ಆ ತಮ್ಮ ಸುಮ್ಮನೆ ಬಿಡುವವರಲ್ಲ. “ನಿಮ್ಮ ಹೆಸರಿನ ಅರ್ಥ ಏನು?” ಎಂದರು.

ಅದು ನಮ್ಮ ಹಳ್ಳಿಯ ಹೆಸರು, ನಮ್ಮಲ್ಲಿ ಎಲ್ಲರೂ ಊರನ್ನು ಮುಂದಿಟ್ಟುಕೊಂಡೇ ಓಡಾಡುತ್ತೇವೆ ಎಂದು ವಿವರಿಸಿದೆ.

“ನೀವು ಹುಟ್ಟಿದ್ದು ಅಲ್ಲೇ ಹಾಗಾದರೆ.”

“ಇಲ್ಲ, ಮೈಸೂರಿನಲ್ಲಿ.”

“ನಿಮ್ಮ ತಂದೆ?”

“ಅವರೂ ಮೈಸೂರಿನಲ್ಲೇ.”

“ಮತ್ತೆ ಆ ಹಳ್ಳಿ ನೋಡಿದ್ದೀರಲ್ಲ?”

“ಇಲ್ಲ.”

“ಮ್ಯಾಪಿನಲ್ಲಿ?”

“ಹುಡುಕಿಲ್ಲ.”

“ಅದು ನಿಮ್ಮ ಊರು ಅಂತ ಹೇಳಿದ್ದು ಯಾರು?”

ಇಲ್ಲಿಯವರೆಗಿನ ಮಾತುಗಳನ್ನು ನಾನು ತುಸು ತಿದ್ದಿರಬಹುದು. ಮುಂದಿನದ್ದರಲ್ಲಿ ಮಾತ್ರ ನನ್ನ ಮತ್ತು ಹೆಂಡತಿಯ ನಡುವೆ ಭಿನ್ನಾಭಿಪ್ರಾಯವಿಲ್ಲ.

“ನಮ್ಮ ಅಜ್ಜಿ,” ಎಂದೆ.

ಮೊದಲು ನಕ್ಕವಳು ನನ್ನ ಹೆಂಡತಿ. ಆಮೇಲೆ ಇಡೀ ಹಿತ್ತಲು ನಕ್ಕಿತು. “ರೀ, ಕೂತ್ಕೊಂಡೇ ಇರಿ,” ಎಂದಳು ಅವಳು ಕನ್ನಡದಲ್ಲಿ. “ಇನ್ನೊಂದು ಪ್ರಶ್ನೆ ಕೇಳಿದ್ರೆ ನಿಮ್ಮ ಗೋತ್ರಾನೂ ಹೋಗುತ್ತೆ.”

ಆಕೆಯೊಬ್ಬರು ನಗಲಿಲ್ಲ. ನನ್ನನ್ನೇ ನೋಡಿ, “ಮೂರು ವರ್ಷದಿಂದ ನಿಮ್ಮ ಅಜ್ಜಿಯನ್ನ ನಂಬಿಕೊಂಡು ನಿಮ್ಮನ್ನ ಕರೀತಿದ್ದೀನಲ್ಲ ನಾನು,” ಎಂದರು. ಅದರಲ್ಲಿ ಕುಟುಕು ಇರಲಿಲ್ಲ. ಲೆಕ್ಕ ಹಾಕುತ್ತಿರುವವರ ಧ್ವನಿ. ಹಿಂದಿರುಗುವಾಗ ಸೈಲೋ ಕಂಡಾಗಲೆಲ್ಲ ನಾನು ರಸ್ತೆಯನ್ನೇ ನೋಡಿದೆ. ಆ ದಾರಿಯಲ್ಲಿ ನನ್ನ ಹೆಂಡತಿ ನಿದ್ದೆ ಮಾಡಲಿಲ್ಲ ಎಂದು ನಾನೂ ಒಪ್ಪುತ್ತೇನೆ.

ಸ್ವಲ್ಪ ಕಾಲದ ಮೇಲೆ ನನಗೆ ಡೆಟ್ರಾಯಿಟ್ ಕಡೆ ಕೆಲಸವಾಯಿತು. ಆಕೆ ಮನೆ ಮಾರಿ ದೂರದ ಮಗಳ ಬಳಿಗೆ ಹೋದರು. ಕ್ರಿಸ್‌ಮಸ್‌ಗೆ ಕಾರ್ಡು ಬರುತ್ತಿತ್ತು, ಊರಿನ ಹೆಸರಿನ ನನಗೆ. ಕಲ್ಲಿನ ವಿಷಯ ಅವರೂ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಒಂದು ವರ್ಷ ಕಾರ್ಡು ಬರಲಿಲ್ಲ. ಆ ವಸಂತದಲ್ಲಿ, ನಾರ್ತ್‌ವಿಲ್‌ನಲ್ಲಿ ಗೆಳೆಯರೊಬ್ಬರ ಹೊಸ ಮನೆ ನೋಡಲು ಹೋದವರು ಸ್ಮಶಾನಕ್ಕೂ ಹೋದೆವು. ಗಂಡನ ಪಕ್ಕದ ಮಣ್ಣು ಹೊಸದು. ಗಂಡನ ಕಲ್ಲಿನ ಮೇಲೆ ಖಾಲಿ ಸಾಲು ಇರಲಿಲ್ಲ. ಅಲ್ಲಿ ಸಫೋಕಿನ ಹಳ್ಳಿಯ ಹೆಸರಿತ್ತು, ಅಕ್ಷರಗಳ ಸಂದಿಯಲ್ಲಿ ಆಗಲೇ ಪಾಚಿ. ಕೆತ್ತಿಸಿ ಎಷ್ಟೋ ವರ್ಷವಾಗಿರಬೇಕು. ಬಹುಶಃ ಆ ಜುಲೈನಲ್ಲೇ.

“ನಿಮ್ಮನ್ನ ಕೇಳ್ಲಿಲ್ಲ ನೋಡಿ,” ಎಂದಳು ನನ್ನ ಹೆಂಡತಿ.

ಮುಂದಿನ ವಾರ ಲೈಬ್ರರಿಗೆ ಹೋದೆ. ಏಳು ವರ್ಷದ ಹಿಂದೆ ಮಾಡಬೇಕಿದ್ದ ಕೆಲಸಕ್ಕೆ ಕಾಲು ಗಂಟೆ ಹಿಡಿಯಿತು. ಏಳೋ, ಆರೋ. ನನ್ನ ಹಳ್ಳಿಯನ್ನು ನಾನು ಇನ್ನೂ ಮ್ಯಾಪಿನಲ್ಲಿ ಹುಡುಕಿಲ್ಲ. ಮೂವರು ಅಣ್ಣತಮ್ಮಂದಿರ ಮೇಲೆ ನನಗೆ ಈಗಲೂ ನಂಬಿಕೆಯಿಲ್ಲ. ಆ ಮನೆತನ ಹಡಗು ಹತ್ತಿದ್ದು ಆ ಹಳ್ಳಿಯಿಂದಲೇ ಎನ್ನುವುದಕ್ಕೆ ಕಾಗದದ ಮೇಲಿನ ಪುರಾವೆಯೂ ನನ್ನ ಬಳಿಯಿಲ್ಲ. ಆದರೆ ಸಫೋಕಿನ ಚರ್ಚುಗಳ ಪುಸ್ತಕವೊಂದರಲ್ಲಿ ಆ ಹಳ್ಳಿಯ ಫೋಟೋ ಇದೆ. ಅಲ್ಲಿನ ಚರ್ಚು, ಆ ಹೆಸರಿನವರು ಯಾರೂ ಅಮೆರಿಕಕ್ಕೆ ಹೊರಡುವ ಎಷ್ಟೋ ಮುಂಚಿನಿಂದ ನಿಂತಿರುವಂಥದ್ದು. ಫೋಟೋವನ್ನು ಎರಡು ಸಲ ನೋಡಿದೆ, ಕೆಳಗಿನ ವಿವರಣೆಯನ್ನೂ ಓದಿದೆ. ಗೋಪುರ ದುಂಡಗಿದೆ.