ನನ್ನ ಹೆಂಡತಿ ಸಮುದ್ರಕ್ಕಿಳಿದ ಬೆಳಗು

ಗೋಕರ್ಣಕ್ಕೆ ಹೋಗಬೇಕೆಂಬುದು ನನ್ನ ಅವ್ವನ ಆಸೆ. ಹುಣ್ಣಿಮೆಗೆ ಹುಲಿಗಿಗೆ ಹೋಗಿ ಹೊಳೆಯಲ್ಲಿ ಮಿಂದು ಬರುವ ಅವಳಿಗೆ ಸಮುದ್ರಸ್ನಾನವೊಂದು ಬಾಕಿ ಉಳಿದಿತ್ತು. ಕಳೆದ ಚಳಿಗಾಲದಲ್ಲಿ ಅವ್ವ, ನಾನು, ನನ್ನ ಹೆಂಡತಿ ಮೂವರೂ ಹೊರಟೆವು.

ಮೊದಲು ಸಮುದ್ರದಲ್ಲಿ ಮುಳುಗು, ಆಮೇಲೆ ಗಣಪತಿ, ಕೊನೆಗೆ ಮಹಾಬಲೇಶ್ವರ. ಇದೇ ಇಲ್ಲಿಯ ಪದ್ಧತಿ ಎಂದು ನಾವು ಇಳಿದುಕೊಂಡಿದ್ದ ಮನೆಯಾಕೆ ಹೇಳಿದರು. ಬೆಳಿಗ್ಗೆ ರಥಬೀದಿಯ ಹಳೆಯ ಹೆಂಚಿನ ಮನೆಗಳನ್ನು, ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಹೆಂಗಸರನ್ನು ನೋಡುತ್ತ ದಂಡೆಗೆ ನಡೆದೆವು. ಅಲೆಯ ಸದ್ದಿಗೇ ಹೆದರಿ ಅವ್ವ ಮರಳಿನ ಮೇಲೆ ಕೂತುಬಿಟ್ಟಳು. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಚೊಂಬಿನಿಂದ ತಲೆಗೆ ಸುರಿದುಕೊಂಡೆ. ಅಳವಂಡಿಯ ಎರೆಹೊಲಗಳ ನಡುವೆ ಬೆಳೆದವನು ನಾನು, ಈಜು ಬಾರದು. ಹೆಂಡತಿಗೂ ಬಾರದೆಂದೇ ತಿಳಿದಿದ್ದೆ.

ಅವಳು ವೇಲನ್ನು ಅವ್ವನ ಕೈಗೆ ಕೊಟ್ಟು ನೇರ ನಡೆದಳು. ದೊಡ್ಡ ಅಲೆಯೊಂದು ಬಂದಾಗ ತಲೆ ತಗ್ಗಿಸಿ ಅದರೊಳಗೆ ಹೊಕ್ಕಳು. ಅಲೆ ಒಡೆದ ಮೇಲೂ ಕಾಣಲಿಲ್ಲ. ಕೂಗಬೇಕೆನ್ನುವಷ್ಟರಲ್ಲಿ ಆಚೆ ಅವಳ ತಲೆ ಮೇಲೆದ್ದಿತು. ಆರಾಮಾಗಿ ಈಜುತ್ತಿದ್ದಳು. ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು, ಈಜು ಚೆನ್ನಾಗಿಯೇ ಬರುತ್ತದೆ, ಆದರೂ ಹೆಚ್ಚು ಮುಂದೆ ಹೋಗುವುದು ಬೇಡ ಎಂದರು. ನಾನು ಕೈಬೀಸಿ ಕರೆದೆ.

ಏದುಸಿರು ಬಿಡುತ್ತ ಬಂದವಳ ಮುಖದಲ್ಲಿ ನಾನು ಎಂದೂ ಕಂಡಿರದ ಗೆಲುವಿತ್ತು.

"ಈಸಾಕ ಬರ್ತೈತಿ ಅಂತ ಒಮ್ಮೆನೂ ಹೇಳಿಲ್ಲಲ್ಲ?" ಎಂದೆ.

"ನನ್ನ ತವರೂರು ಮರಳ್ಯಾಗ ಕಾಲುವಿ ದಂಡಿಮ್ಯಾಲೇ ನಮ್ಮ ಮನಿ. ಸಣ್ಣಾಕಿದ್ದಾಗ ದಿನಾ ಈಸ್ತಿದ್ದೆ. ಅಳವಂಡ್ಯಾಗ ಈಸಾಕ ನೀರು ಎಲ್ಲೈತ್ರಿ? ನೀವೂ ಕೇಳ್ಲಿಲ್ಲ," ಎಂದಳು.

ದೂರುವ ದನಿಯೇನೂ ಅಲ್ಲ. ನಾನು ಟವೆಲ್ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ, ಅಷ್ಟರಲ್ಲಿ ಅವ್ವ ಎದ್ದು ಬಂದಿದ್ದಳು.

"ನನ್ನ ಕೈ ಹಿಡಕೋ. ನಿನ್ನ ಕೂಡ ಆದ್ರ ಇಳೀತೀನಿ," ಎಂದಳು ಸೊಸೆಗೆ.

ಅಲೆ ಬಂದಾಗ ಮೂಗು ಹಿಡಿಯಬೇಕೆಂದು ಹೇಳಿಕೊಡುತ್ತ ಅವಳು ಅತ್ತೆಯನ್ನು ಕರೆದೊಯ್ದಳು. ಒಂದು ಮುಳುಗಿಗೇ ಸಾಕೆನ್ನುತ್ತಾಳೆ ಎಂದುಕೊಂಡರೆ ಅವ್ವ ಹೊರಗೆ ಬರಲೊಲ್ಲಳು. ದರ್ಶನಕ್ಕೆ ಹೊತ್ತಾಗುತ್ತದೆಂದು ನಾನೇ ಅವಸರ ಮಾಡಬೇಕಾಯಿತು.

ಸಂಜೆ ಓಂ ಬೀಚಿನಲ್ಲಿ ನನ್ನ ಸರದಿ. ಸೊಂಟದುದ್ದ ನೀರಿನಲ್ಲಿ ಹೆಂಡತಿ ನನ್ನ ಬೆನ್ನಿಗೆ ಅಂಗೈ ಕೊಟ್ಟು, ಮೈ ಸಡಿಲ ಬಿಡಲು ಹೇಳಿದಳು. ಬಿಟ್ಟೆ. ಕ್ಷಣಹೊತ್ತು ತೇಲಿದೆನೋ ಏನೋ, ಮರುಕ್ಷಣ ಬಾಯಿತುಂಬ ಉಪ್ಪುನೀರು. ಕೆಮ್ಮುತ್ತ ಎದ್ದು ನಿಂತರೆ, ದಂಡೆಯ ಮೇಲಿನ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಹೆಂಡತಿ ನಗಲಿಲ್ಲ. ಇನ್ನೊಮ್ಮೆ ಮಲಗ್ರಿ ಎಂದು ಮತ್ತೆ ಕೈ ಚಾಚಿದಳು.